ಹರ್ನಿಯದ ಶಸ್ತ್ರಚಿಕಿತ್ಸೆ: ಯಾವುದು ಅಗ್ಗ?

ಸೈಕಲ್ಲಿನ ಟೈರು ಒಂದೆಡೆ ಸವೆದರೆ ಒಳಗಿನ ಟ್ಯೂಬು ಅಲ್ಲಿ ಗುಳ್ಳೆಯಂತೆ ಉಬ್ಬುವುದನ್ನು ವಾಚಕರು ಕಂಡಿರಬಹುದು. ಉದರದ ಭಿತ್ತಿಯ ಸ್ಥಿತಿಯೂ ಇದೇ. ತೊಡೆಯ ಸಂದಿನಲ್ಲಿ ಅದರ ಪದರಗಳು ದುರ್ಬಲವಾದರೆ, ಕೆಮ್ಮುವಾಗ, ಭಾರವೆತ್ತುವಾಗ ಏರುವ ಒಳಗಿನ ಒತ್ತಡವು ಕರುಳಿನ ಮಡಿಕೆಯನ್ನು ಹೊರಕ್ಕೆ ನೂಕುತ್ತದೆ. ಇದೇ ಹರ್ನಿಯ, ಅಂತ್ರವೃದ್ಧಿಯೆಂದೂ ಕರೆಯುವುದುಂಟು.

ಇಟಲಿಯ ಬಸ್ಸಿನಿ ಎಂಬ ಶಸ್ತ್ರವೈದ್ಯನು 1887ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ದುರ್ಬಲ ಭಾಗದ ಅಂಚುಗಳನ್ನು ಎಳೆದು ಹೊಲಿಯುತ್ತಿದ್ದರು. ಎಳೆತದಲ್ಲಿರುವ ಹೊಲಿಗೆ ಬಿಟ್ಟುಕೊಳ್ಳುವುದು ಸಹಜವಷ್ಟೆ. 1980ರ ದಶಕದಲ್ಲಿ ಅಮೆರಿಕದ ಲಿಕ್ಟನ್‌ಸ್ಟೈನ್ ಎಂಬವರು ಅಂಚುಗಳನ್ನು ಎಳೆಯದೆ, ಮೇಲೆ ಪಾಲಿಪ್ರೊಪಿಲೀನಿನ ಜಾಲರಿಯೊಂದನ್ನು ಹೊದಿಸುವ ಕ್ರಮವನ್ನು ಬಳಕೆಗೆ ತಂದರು. ಇದು ತೆರೆದ ಶಸ್ತ್ರಚಿಕಿತ್ಸೆ. ಆ ಭಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಮಾಡಬಹುದು. 1990ರ ದಶಕದಲ್ಲಿ ಹರಡಿದ ಲ್ಯಾಪರಾಸ್ಕೋಪಿನ ಕ್ರಮದಲ್ಲಾದರೋ ಸಾಮಾನ್ಯವಾಗಿ ಮೂರು ಸಣ್ಣ ರಂಧ್ರಗಳನ್ನು ಮಾಡಿ, ಇಂಗಾಲದ ಡೈಆಕ್ಸೈಡಿನಿಂದ ಒಳಗೆ ಅವಕಾಶ ಕಲ್ಪಿಸಿ, ಕ್ಯಾಮೆರದ ನೆರವಿನಿಂದ ಜಾಲರಿಯನ್ನು ಭಿತ್ತಿಯ ಒಳಮೈಗೆ ಇಡುತ್ತಾರೆ. ಹರ್ನಿಯವನ್ನು ಹೊರದೂಡಿದ ಒತ್ತಡವೇ ಈಗ ಜಾಲರಿಯನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ! ಭೌತಶಾಸ್ತ್ರದವರಾದ ನಮಗೆ ಈ ಯುಕ್ತಿ ಬಹಳ ಮೆಚ್ಚಿಗೆಯಾದುದೆಂದು ಒಪ್ಪುತ್ತೇವೆ. ಆದರೆ ವೆಚ್ಚದ ಮಾತೇ ಬೇರೆ.

ಶಕ್ತಿಯ ಲೆಕ್ಕ ಹಾಕುವಾಗ ವ್ಯವಸ್ಥೆಯ ಎಲ್ಲೆಯನ್ನು ಮೊದಲು ಗುರುತಿಸುತ್ತೇವೆ. ಇಲ್ಲಿಯೂ ಯಾರ ಲೆಕ್ಕವೆಂದು ಮೊದಲು ಕೇಳಬೇಕು. ಆಸ್ಪತ್ರೆಯ ಲೆಕ್ಕದಲ್ಲಿ ಲ್ಯಾಪರಾಸ್ಕೋಪಿನದೇ ಹೆಚ್ಚಿನ ವೆಚ್ಚ. ಕ್ಯಾಮೆರ ಮೊದಲಾದ ಯಂತ್ರಗಳು ಬೇಕು. ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು. ಒಮ್ಮೆ ಬಳಸಿ ಎಸೆಯುವ ಉಪಕರಣಗಳಾದರೆ ಖರ್ಚು ಮತ್ತಷ್ಟು ಏರುತ್ತದೆ. ಯಂತ್ರದ ಬೆಲೆಯನ್ನು ವರ್ಷಕ್ಕೆ 50 ರೋಗಿಗಳ ಮೇಲೆ ಹಂಚಿದಾಗ ತಲೆಗೆ ಬೀಳುವ ಪಾಲು, 500 ಮಂದಿಯ ಮೇಲೆ ಹಂಚಿದಾಗಿನದರ ಹತ್ತರಷ್ಟು.

ರೋಗಿಯ ಲೆಕ್ಕ ಬೇರೆ. ರಂಧ್ರಗಳ ಕ್ರಮದಲ್ಲಿ ನೋವು ಕಡಿಮೆ, ಕೆಲಸಕ್ಕೆ ಬೇಗ ಮರಳಬಹುದು. ಸಂಬಳದ ರಜೆಯುಳ್ಳ ಗುಮಾಸ್ತನಿಗೆ ಇದು ಸೌಕರ್ಯ ಮಾತ್ರ. ಮಂಡಿಯಲ್ಲಿ ಮೂಟೆ ಹೊರುವ ಹಮಾಲನಿಗೆ ಅನ್ನದ ಪ್ರಶ್ನೆ. ದಿನಕ್ಕೆ 600 ರೂಪಾಯಿ ದುಡಿಯುವವನು ಐದು ದಿನ ಮೊದಲೇ ಎದ್ದನೆಂದು ಭಾವಿಸೋಣ. ಉಳಿದದ್ದು 3,000 ರೂಪಾಯಿ. ಎರಡು ಕ್ರಮಗಳ ಬಿಲ್ಲಿನ ಅಂತರ ಅದಕ್ಕಿಂತ ಹೆಚ್ಚಾದರೆ, ಕೈಯಿಂದಲೇ ಹಣ ತೆರುವ ಆತನಿಗೆ ನಷ್ಟವೇ.

ಹರ್ನಿಯ ಮರುಕಳಿಸಿದರೆ ಎರಡನೆಯ ಬಿಲ್ಲು ಬರುತ್ತದೆ. 2004ರಲ್ಲಿ ಪ್ರಕಟವಾದ, ಅಮೆರಿಕದ ಮಾಜಿ ಸೈನಿಕರ 14 ಆಸ್ಪತ್ರೆಗಳ ಅಧ್ಯಯನದಲ್ಲಿ, ಎರಡು ವರ್ಷಗಳೊಳಗೆ ಲ್ಯಾಪರಾಸ್ಕೋಪಿನವರಲ್ಲಿ ಶೇಕಡ 10.1, ತೆರೆದ ಕ್ರಮದವರಲ್ಲಿ ಶೇಕಡ 4.9 ಮಂದಿಗೆ ರೋಗ ಮರಳಿತು. ಆದರೆ 250ಕ್ಕಿಂತ ಹೆಚ್ಚು ಬಾರಿ ಕೈಪಳಗಿದ ವೈದ್ಯರಲ್ಲಿ ಈ ಅಂತರ ಬಹುಮಟ್ಟಿಗೆ ಅಳಿಸಿಹೋಯಿತು. ಎಂದರೆ ಯಂತ್ರದ ಬೆಲೆಯೊಡನೆ ಕೈಯ ಅಭ್ಯಾಸದ ಬೆಲೆಯನ್ನೂ ಕೂಡಿಸಬೇಕಾಗುತ್ತದೆ. ಎರಡೂ ಪಕ್ಕಗಳಲ್ಲಿ ಹರ್ನಿಯವಿದ್ದಾಗ ಮಾತ್ರ ಅವೇ ರಂಧ್ರಗಳು ಎರಡಕ್ಕೂ ಒದಗುವುದರಿಂದ ತಕ್ಕಡಿ ಲ್ಯಾಪರಾಸ್ಕೋಪಿನ ಕಡೆಗೆ ವಾಲುತ್ತದೆ.

ಜಾಲರಿಯ ಬೆಲೆಯೂ ಚಿಕ್ಕದಲ್ಲ. ಮಹಾರಾಷ್ಟ್ರದ ದೊಂಡಾಯಿಚದ ಡಾ. ತೋಂಗಾಂವ್‌ಕರ್ ಅವರು ಸೊಳ್ಳೆಪರದೆಯ ಬಟ್ಟೆಯನ್ನೇ ಕ್ರಿಮಿಶುದ್ಧಿಗೊಳಿಸಿ ಜಾಲರಿಯಾಗಿ ಬಳಸಿದರು. ಉಗಾಂಡದಲ್ಲಿ 302 ಗಂಡಸರ ಮೇಲೆ ಇಂಥ ಬಟ್ಟೆಯನ್ನೂ ಮಾರುಕಟ್ಟೆಯ ಜಾಲರಿಯನ್ನೂ ಹೋಲಿಸಿ ನೋಡಿದ ಅಧ್ಯಯನವು 2016ರಲ್ಲಿ ಪ್ರಕಟವಾಯಿತು. ವರ್ಷದ ಬಳಿಕ ಬಟ್ಟೆಯ ಗುಂಪಿನಲ್ಲಿ ಮರುಕಳಿಕೆ ಶೇಕಡ 0.7, ಮತ್ತೊಂದರಲ್ಲಿ ಸೊನ್ನೆ. ಒಂದರ ಬೆಲೆ ಸುಮಾರು ಒಂದು ಡಾಲರು, ಇನ್ನೊಂದರದು ನೂರಕ್ಕೂ ಮೇಲು. ಆ ಶಸ್ತ್ರಚಿಕಿತ್ಸೆಗಳೆಲ್ಲ ತೆರೆದ ಕ್ರಮದವೇ ಆಗಿದ್ದವು.