ನಾಡಿ ಸಿಕ್ಕಿತೆಂದು ಕೈಬಿಡಬೇಡ

ಮಗಳೇ, ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸಿಗೆ ಬುದ್ಧಿ ಹೇಳುವವರಿಗೇನೂ ಬರವಿಲ್ಲ. ನಾನು ಹೇಳುವುದು ಒಂದೇ ವಿಷಯ, ಅದೂ ಮಣಿಕಟ್ಟಿನದು.

ನಮ್ಮ ಕೊಡಗಿನಲ್ಲಿ ಎದೆನೋವು ಜೋರಾದರೆ ಗಾಡಿ ಮೈಸೂರಿನ ಕಡೆ ತಿರುಗುತ್ತದೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. 2019ರಲ್ಲಿ ನಮ್ಮ ಹುಡುಗರು ಜಿಲ್ಲೆಗೊಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಟ್ವಿಟರ್‌ನಲ್ಲಿ ಗದ್ದಲ ಎಬ್ಬಿಸಿದ್ದು ಸುಮ್ಮನೆ ಅಲ್ಲ. ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆಯಲ್ಲೋ ಇನ್ನೆಲ್ಲೋ ಆಂಜಿಯೋಗ್ರಾಂ ಆಗಿ, ಬೇಕಿದ್ದರೆ ಸ್ಟೆಂಟೂ ಬಿದ್ದು, ಕೆಲವೇ ದಿನಗಳಲ್ಲಿ ಊರಿಗೆ ಮರಳುತ್ತಾರೆ. ಆಮೇಲೆ ಬಿ.ಪಿ. ನೋಡಿಸಲು, ಮಾತ್ರೆ ಕೇಳಲು ಬರುವುದು ನಿನ್ನ ಬಳಿಗೆ. ಮಣಿಕಟ್ಟಿನ ಮೇಲೆ ಪುಟ್ಟ ಪ್ಲಾಸ್ಟರ್ ಕಂಡರೆ, ಒಳಗಿನ ನಾಳ ತೆರೆದಿದೆಯೋ ಇಲ್ಲವೋ ಎಂದು ನೋಡುವವರು ಆ ಊರಿನಲ್ಲಿ ನೀನೊಬ್ಬಳೇ ಇರಬಹುದು.

ಮೊದಲೆಲ್ಲ ಹೆಚ್ಚಾಗಿ ತೊಡೆಸಂದಿನಿಂದ ಕೊಳವೆ ಹಾಕುತ್ತಿದ್ದರು. ರೋಗಿ ಕಾಲು ಮಡಿಸದೆ ಗಂಟೆಗಟ್ಟಲೆ ಅಂಗಾತ ಬಿದ್ದಿರಬೇಕಿತ್ತು. ಕೆನಡಾದ ಲೂಸಿಯೆನ್ ಕ್ಯಾಂಪೋ 1989ರಲ್ಲಿ ಮಣಿಕಟ್ಟಿನಿಂದ ಆಂಜಿಯೋಗ್ರಾಂ ಮಾಡಿದ್ದನ್ನು ಪ್ರಕಟಿಸಿದರು. ಆಂಸ್ಟರ್‌ಡ್ಯಾಮಿನ ಕೀಮೆನೈ 1992ರಲ್ಲಿ ಅದೇ ದಾರಿಯಲ್ಲಿ ಆಂಜಿಯೋಪ್ಲಾಸ್ಟಿಯನ್ನೂ ಮಾಡಿದರು. ರಕ್ತಸ್ರಾವ ಕಡಿಮೆ, ರೋಗಿ ಬೇಗ ಎದ್ದು ಓಡಾಡುತ್ತಾನೆ. ಒಳ್ಳೆಯ ದಾರಿಯೇ, ನನಗೆ ಅದರ ಮೇಲೆ ತಕರಾರಿಲ್ಲ. ಆದರೆ ಹೆಬ್ಬೆರಳ ಕಡೆಯ ಆ ರೇಡಿಯಲ್ ನಾಳ ಎರಡೂವರೆ ಮಿಲಿಮೀಟರ್ ಅಗಲ ಇದ್ದರೆ ಹೆಚ್ಚು. ಅದರೊಳಗೆ ಹೆಚ್ಚುಕಡಿಮೆ ಅಷ್ಟೇ ದಪ್ಪದ ಶೀತ್ ಎಂಬ ಕೊಳವೆ ತೂರಿಸಿ, ತೆಗೆದ ಮೇಲೆ ರಕ್ತ ನಿಲ್ಲಲೆಂದು ಬ್ಯಾಂಡ್ ಬಿಗಿಯುತ್ತಾರೆ. ಒಳಗೋಡೆಗೆ ತರಚು, ಮೇಲಿಂದ ಒತ್ತಡ. ರಕ್ತ ಹೆಪ್ಪುಗಟ್ಟಲು ಇನ್ನೇನು ಬೇಕು? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಹಾಕಿದಾಗ, ಮೊದಲ 24 ಗಂಟೆಯಲ್ಲಿ ನೂರರಲ್ಲಿ ಏಳೆಂಟು ಮಂದಿಗೆ, ವಾರ ಕಳೆದ ಮೇಲೂ ಐದಾರು ಮಂದಿಗೆ ನಾಳ ಮುಚ್ಚಿತ್ತು.

ಮಣಿಕಟ್ಟಿಗೆ ಬೆರಳಿಟ್ಟು, ನಾಡಿ ಸಿಕ್ಕಿತು, ಸರಿಯಾಗಿದೆ ಎಂದು ಬರೆದುಬಿಡುವುದು ಎಲ್ಲರ ರೂಢಿ. ನೀನು ಹಾಗೆ ಮಾಡಬೇಡ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದಾಗಿದ್ದು ನಿನಗೂ ನೆನಪಿರಬೇಕು. ಆಗ ಸಂಪಾಜೆ ಪೇಟೆಯಲ್ಲಿ ಒಂದು ಜೀಪು ಕಂಡರೆ ಅದು ಮಡಿಕೇರಿಯಿಂದ ಇಳಿದು ಬಂದದ್ದು ಎನ್ನಲಾಗುತ್ತಿತ್ತೇ? ಸುಳ್ಯದ ಕಡೆಯಿಂದ ಹತ್ತಿ ಬಂದಿರಬಹುದಲ್ಲ! ನಾಡಿಯ ಕಥೆಯೂ ಹಾಗೆಯೇ. ಅಂಗೈಯೊಳಗೆ ರೇಡಿಯಲ್ ನಾಳವೂ ಕಿರುಬೆರಳ ಕಡೆಯ ಅಲ್ನಾರ್ ನಾಳವೂ ಕಮಾನಿನಂತೆ ಕೂಡಿಕೊಂಡಿವೆ. ರೇಡಿಯಲ್ ಮೇಲೆಲ್ಲೋ ಮುಚ್ಚಿದ್ದರೂ ಅಲ್ನಾರ್‌ನ ರಕ್ತ ಅಂಗೈಗೆ ಬಂದು, ಅಲ್ಲಿಂದ ಹಿಮ್ಮುಖವಾಗಿ ಹರಿದು ನಿನ್ನ ಬೆರಳಿಗೆ ಬಡಿಯುತ್ತದೆ.

ಹಾಗಾಗಿ ಅಲ್ನಾರ್‌ನ ದಾರಿ ಕಟ್ಟಿ ನೋಡಬೇಕು. ಇದಕ್ಕೆ ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ, ಈಗ ಡ್ರಾಯರಿನಲ್ಲಿ ಸೆಲ್ ಸತ್ತು ಬಿದ್ದಿರುವ ಪಲ್ಸ್ ಆಕ್ಸಿಮೀಟರ್ ಸಾಕು. ನಾಡಿಯ ಅಲೆ ತೋರಿಸುವಂಥದ್ದಾದರೆ ಒಳ್ಳೆಯದು. ಆಂಜಿಯೋ ಆದ ಕೈಯ ಹೆಬ್ಬೆರಳಿಗೋ ತೋರುಬೆರಳಿಗೋ ಸಿಕ್ಕಿಸು. ಅಲೆ ಒಂದೇ ಸಮ ಬರುವವರೆಗೆ ಕಾಯಿ. ಆಮೇಲೆ ಕಿರುಬೆರಳ ಕಡೆ, ಮಣಿಕಟ್ಟಿನ ಗೆರೆಯ ಸ್ವಲ್ಪ ಮೇಲೆ ಅಲ್ನಾರ್ ನಾಳವನ್ನು ಗಟ್ಟಿಯಾಗಿ ಒತ್ತಿ ಹಿಡಿ. ಸೂಜಿ ಚುಚ್ಚಿದ ಗಾಯವನ್ನು ಒತ್ತಬೇಡ. ಅಲೆ ಉಳಿದರೆ, ಅಥವಾ ತುಸು ಕುಗ್ಗಿ ಮತ್ತೆ ಎದ್ದರೆ, ರೇಡಿಯಲ್‌ನಲ್ಲಿ ರಕ್ತ ಹರಿಯುತ್ತಿದೆ. ಒಂದೆರಡು ನಿಮಿಷ ಹಿಡಿದರೂ ಗೆರೆ ಮಲಗಿಯೇ ಇದ್ದು, ಕೈಬಿಟ್ಟ ಕೂಡಲೇ ಅಲೆ ಎದ್ದರೆ ನಾಳ ಮುಚ್ಚಿದೆ ಎಂದೇ ಅನುಮಾನಿಸು. ಎಡ್ಗರ್ ಆಲೆನ್ 1929ರಲ್ಲಿ ಅಂಗೈ ಬಿಳಿಚುವುದು ನೋಡಿ ಮಾಡಿದ ಪರೀಕ್ಷೆಗೆ ಕ್ವಿಬೆಕ್‌ನ ಬಾರ್ಬೋ 2004ರಲ್ಲಿ ಆಕ್ಸಿಮೀಟರ್ ಜೋಡಿಸಿದರು. ನಾನು ಹೇಳಿದ್ದು ಅದನ್ನೇ ತಿರುವಿ ಮಾಡುವುದು. ಖಾತ್ರಿ ಮಾಡಿಕೊಳ್ಳಲು ಡಾಪ್ಲರ್ ಸ್ಕ್ಯಾನ್ ಬೇಕು, ಅದು ನಿನ್ನ ಕೆಲಸವಲ್ಲ.

ಕಕ್ಕಡದ ಮಳೆಯಲ್ಲಿ ನೆನೆದು ಬಂದವರ ಬೆರಳು ಕಲ್ಲಿನಂತಿರುತ್ತದೆ, ಯಂತ್ರ ಏನನ್ನೂ ಹಿಡಿಯುವುದಿಲ್ಲ. ಮೊದಲು ಒಂದು ಲೋಟ ಬಿಸಿ ಕಾಫಿ ಕೊಟ್ಟು ಕೂರಿಸು. ಮೆಹಂದಿ, ಉಗುರುಬಣ್ಣವೂ ಮೋಸ ಮಾಡುತ್ತವೆ. ಇನ್ನೊಂದು ಕೈಯಲ್ಲೂ ಮಾಡಿ ಹೋಲಿಸು. ಮತ್ತೆ, ನೋವಿದೆಯಾ ಎಂದಷ್ಟೇ ಕೇಳಿದರೆ ನಮ್ಮವರು ಇಲ್ಲ ಎನ್ನುತ್ತಾರೆ, ಅದು ನಿನಗೆ ಗೊತ್ತೇ ಇದೆ. ‘ಮಾವ, ಕತ್ತಿ ಹಿಡಿದರೆ ಕೈ ಸೋಲುತ್ತಾ? ಏಣಿ ಹತ್ತಿ ಮೆಣಸು ಕುಯ್ಯುವಾಗ ಬೆರಳು ಜೋಮು ಹಿಡಿಯುತ್ತಾ?’ ಹೀಗೆ ಕೇಳು, ಉತ್ತರ ಬರುತ್ತದೆ.

ಮುಚ್ಚಿದೆ ಎಂದು ತೋರಿದರೂ ರೋಗಿಯನ್ನು ಹೆದರಿಸಬೇಡ. ಅಲ್ನಾರ್ ಇಡೀ ಕೈಯನ್ನು ಸಾಕುವುದರಿಂದ ಹೆಚ್ಚಿನವರಿಗೆ ತೊಂದರೆಯೇ ಗೊತ್ತಾಗುವುದಿಲ್ಲ. ಹಾಗಾದರೆ ಯಾಕೆ ನೋಡಬೇಕು ಅನ್ನುತ್ತೀಯ. ಮುಂದೆ ಇನ್ನೊಂದು ಆಂಜಿಯೋಗೆ ಆ ದಾರಿ ಬೇಕಾಗುತ್ತದೆ. ಬೈಪಾಸ್ ಆದರೆ ಅದೇ ನಾಳವನ್ನು ತೆಗೆದು ಹೃದಯಕ್ಕೆ ಜೋಡಿಸುವುದುಂಟು. ಸಕ್ಕರೆ ಕಾಯಿಲೆಯವರ ಕಿಡ್ನಿ ಸೋತರೆ ಡಯಾಲಿಸಿಸ್‌ನ ಫಿಸ್ಟುಲಾ ಮಾಡುವುದೂ ಸಾಮಾನ್ಯವಾಗಿ ಅಲ್ಲೇ. ಬೇಗ ಗೊತ್ತಾದರೆ ಉಪಾಯವೂ ಇದೆ. ಆಸ್ಪತ್ರೆಯಲ್ಲೇ ಮೊದಲ ಕೆಲವು ಗಂಟೆಗಳಲ್ಲಿ ಕಂಡರೆ, ಅಲ್ನಾರ್ ಅನ್ನು ಒಂದು ಗಂಟೆ ಒತ್ತಿಟ್ಟು ರೇಡಿಯಲ್‌ಗೆ ರಕ್ತ ನುಗ್ಗಿಸಿ ತೆರೆಸಿದ್ದುಂಟು. ತಡವಾದರೆ ಡಾಕ್ಟರು ಕೆಲವು ವಾರ ರಕ್ತ ತೆಳುವಾಗಿಸುವ ಔಷಧಿ ಕೊಟ್ಟು ನೋಡಬಹುದು. ಅದನ್ನು ನೀನಾಗಿ ಶುರು ಮಾಡಬೇಡ. ಸ್ಟೆಂಟ್ ಹಾಕಿದವರು ಆಗಲೇ ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ಮಾತ್ರೆಗಳಲ್ಲಿರುತ್ತಾರೆ. ಆ ಮಾತ್ರೆಗಳನ್ನು ನಿಲ್ಲಿಸಲೂ ಬೇಡ.

ಕೈ ತಣ್ಣಗಾಗಿ ಬಿಳಿಚಿದರೆ ಅಥವಾ ನೀಲಿಗಟ್ಟಿದರೆ, ಬೆರಳು ಅಲ್ಲಾಡಿಸಲು ಆಗದಿದ್ದರೆ, ಮುಂಗೈ ಊದಿ ಬಿಗಿದು ಕಲ್ಲಾದರೆ ಪರೀಕ್ಷೆ ಗಿರೀಕ್ಷೆ ಎಂದು ಕೂರಬೇಡ, 108ಕ್ಕೆ ಫೋನ್ ಮಾಡು. ಗಾಯದಿಂದ ರಕ್ತ ಚಿಮ್ಮಿದರೆ ಮಾತ್ರ ಅಲ್ಲೇ ಬೆರಳಿಟ್ಟು ಒತ್ತಿ ಹಿಡಿದು, ಬೇರೆಯವರಿಂದ ಫೋನ್ ಮಾಡಿಸು.

ಉಳಿದವರ ವಿಷಯದಲ್ಲಿ ಡಿಸ್ಚಾರ್ಜ್ ಚೀಟಿಯಲ್ಲಿರುವ ನಂಬರಿಗೆ ಅದೇ ದಿನ ತಿಳಿಸು. ಎಡಗೈಯೋ ಬಲಗೈಯೋ, ಯಾವ ತಾರೀಕು, ಒತ್ತಿದಾಗ ಅಲೆ ಉಳಿಯಿತೋ ಇಲ್ಲವೋ, ಮೂರನ್ನೂ ರೋಗಿಯ ಪುಸ್ತಕದಲ್ಲಿ ಓದಲು ಬರುವ ಅಕ್ಷರದಲ್ಲಿ ಬರೆ.