ಪರಿಹಾರಕ್ಕಿಂತ ಮೊದಲು ಲಕ್ಷಣ: ಕೆಟ್ಟ ಬಯಾಸ್ ಅಪ್‌ಡೇಟ್ ಕಲಿಸಿದ ಪಾಠ

ಅಭ್ಯಾಸ ಬೋಧನೆಯ ಅವಧಿಯಲ್ಲಿ ಒಂಬತ್ತನೇ ತರಗತಿಯ ಎರಡು ವಿಭಾಗಗಳಿಗೆ ‘ಕಂಪ್ಯೂಟರ್ ಚಾಲೂ ಆಗುವ ಕ್ರಮ’ ಎಂಬ ಪಾಠವನ್ನು ಮಾಡಿದೆ. ‘ಎ’ ವಿಭಾಗದಲ್ಲಿ ಪಾಠ ಸೋತಿತು. ‘ಬಿ’ ವಿಭಾಗದಲ್ಲಿ ಬಹುಮಟ್ಟಿಗೆ ಫಲಿಸಿತು. ಎರಡೂ ಕಡೆ ಬಳಸಿದ ಉದಾಹರಣೆ ಒಂದೇ: ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅರ್ಧಕ್ಕೆ ನಿಂತುಹೋದ ಬಯಾಸ್ ಅಪ್‌ಡೇಟ್. ವ್ಯತ್ಯಾಸವಾದದ್ದು ಎಲ್ಲಿ ಎಂಬುದನ್ನು ಸಹಪ್ರಶಿಕ್ಷಣಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಉದಾಹರಣೆಯ ಹಿನ್ನೆಲೆ

ಬಯಾಸ್ ಎಂದರೆ ಬೇಸಿಕ್ ಇನ್‌ಪುಟ್ ಔಟ್‌ಪುಟ್ ಸಿಸ್ಟಮ್. ಮದರ್‌ಬೋರ್ಡಿನ ಮೇಲಿರುವ ಸಣ್ಣ ಫ್ಲ್ಯಾಶ್ ಚಿಪ್ಪಿನಲ್ಲಿ ಇದು ಇರುತ್ತದೆ. ಸ್ವಿಚ್ ಒತ್ತಿದ ಕೂಡಲೇ ಮೊದಲು ಓಡುವುದು ಇದೇ. ರ‍್ಯಾಮ್, ಕೀಬೋರ್ಡ್, ಡಿಸ್ಕ್ ಇವುಗಳನ್ನು ಪರೀಕ್ಷಿಸಿ, ಆಮೇಲೆ ವಿಂಡೋಸ್‌ಗೆ ದಾರಿ ಬಿಡುತ್ತದೆ.

ರಜೆಯಲ್ಲಿ ನಮ್ಮ ಹಳೆಯ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಹಾಕಲು ಹೊರಟಿದ್ದೆ. ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಬೇಕೆಂದು ಬೋರ್ಡಿನ ಕೈಪಿಡಿಯಲ್ಲಿತ್ತು. ಯುಪಿಎಸ್ ಬ್ಯಾಟರಿ ಸತ್ತು ತಿಂಗಳಾಗಿತ್ತು; ಐದು ನಿಮಿಷದ ಕೆಲಸ ತಾನೇ ಎಂದು ಉದಾಸೀನ ಮಾಡಿದೆ. ಅರ್ಧ ಆಗುವಷ್ಟರಲ್ಲಿ ಕರೆಂಟ್ ಹೋಯಿತು. ಮತ್ತೆ ಬಂದಾಗ ಫ್ಯಾನ್ ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ಪಿಯುಸಿ ಓದುವ ತಂಗಿಯ ಪ್ರಾಜೆಕ್ಟ್ ಅದರಲ್ಲೇ ಇತ್ತು. ನಾಲ್ಕು ದಿನದಲ್ಲಿ ಒಪ್ಪಿಸಬೇಕಿತ್ತು.

ಗಾಬರಿಯಲ್ಲಿ ರ‍್ಯಾಮ್ ಕಿತ್ತು ಹಾಕಿದೆ, ಕೇಬಲ್ ಬದಲಿಸಿದೆ, ಕಾಯಿನ್ ಸೆಲ್ ತೆಗೆದು ಹಾಕಿದೆ, ಎಲ್ಲವೂ ಅರ್ಧ ಗಂಟೆಯೊಳಗೆ. ರಿಪೇರಿಯವರು ಫೋನಿನಲ್ಲೇ, “ಬೋರ್ಡ್ ಹೋಗಿದೆ ಸರ್, ಬದಲಾಯಿಸಬೇಕು” ಎಂದರು.

ಮರುದಿನ ಬೆಳಿಗ್ಗೆ ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಫ್ಯಾನ್ ತಿರುಗುತ್ತಿದೆ, ಅಂದರೆ ಕರೆಂಟ್ ಬರುತ್ತಿದೆ. ನಮ್‌ಲಾಕ್ ಒತ್ತಿದರೆ ದೀಪ ಹತ್ತುತ್ತಿಲ್ಲ, ಅಂದರೆ ಯಂತ್ರ ಮೊದಲ ಹೆಜ್ಜೆಯಲ್ಲೇ ನಿಂತಿದೆ. ನಿನ್ನೆಯವರೆಗೆ ಸರಿಯಿದ್ದ ಯಂತ್ರದಲ್ಲಿ ಬದಲಾದದ್ದು ಚಿಪ್ಪಿನಲ್ಲಿರುವ ಬರಹ ಒಂದೇ. ಕಾಯಿನ್ ಸೆಲ್ ಕಾಯುವುದು ದಿನಾಂಕ ಮತ್ತು ಸೆಟ್ಟಿಂಗ್‌ಗಳನ್ನು. ಅದನ್ನು ತೆಗೆದರೆ ಕೆಟ್ಟ ಬಯಾಸ್ ಸರಿಯಾಗುವುದಿಲ್ಲ.

ಕೈಪಿಡಿಯನ್ನು ಮತ್ತೆ ಓದಿದಾಗ, ನಮ್ಮ ಬೋರ್ಡಿನ ಹಿಂಬದಿಯಲ್ಲಿ ಗುರುತು ಹಾಕಿದ ಒಂದು ಯುಎಸ್‌ಬಿ ಪೋರ್ಟ್ ಮತ್ತು ಬಟನ್ ಇರುವುದು ತಿಳಿಯಿತು. ಪ್ರೊಸೆಸರ್ ಕೆಲಸ ಮಾಡದಿದ್ದರೂ ಆ ಬಟನ್ ಮೂಲಕ ಚಿಪ್ಪಿಗೆ ಬಯಾಸ್ ಬರೆಯಬಹುದು. ಗೆಳೆಯನ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವನ್ನು ಫ್ಯಾಟ್‌32ಕ್ಕೆ ಫಾರ್ಮ್ಯಾಟ್ ಮಾಡಿ, ಫೈಲಿಗೆ ಕೈಪಿಡಿಯಲ್ಲಿದ್ದ ಹೆಸರು ಕೊಟ್ಟು, ಬಟನ್ ಒತ್ತಿದೆ. ದೀಪ ನಾಲ್ಕು ಸಲ ಮಿನುಗಿ ನಿಂತಿತು. ಈ ಸಲ ಬೇರೇನನ್ನೂ ಮುಟ್ಟದೆ ಫೈಲನ್ನು ಮಾತ್ರ ನೋಡಿದೆ. ವಿಂಡೋಸ್ ಫೈಲಿನ ಎಕ್ಸ್‌ಟೆನ್ಶನ್ ಮರೆಮಾಡಿತ್ತು. ನಾನೂ ಸೇರಿಸಿದ್ದರಿಂದ ಅದು ಎರಡು ಸಲ ಬಂದಿತ್ತು. ತಿದ್ದಿ ಒತ್ತಿದಾಗ ದೀಪ ಆರೇಳು ನಿಮಿಷ ಮಿನುಗಿ ಆರಿತು. ಪರದೆ ಬಂತು. ತಂಗಿಯ ಫೈಲುಗಳು ಇದ್ದಲ್ಲೇ ಇದ್ದವು.

ಮೊದಲ ಪಾಠ

‘ಎ’ ವಿಭಾಗದಲ್ಲಿ ಇದನ್ನು ಕಥೆಯಂತೆ ಹೇಳಿ, ಕರಿಹಲಗೆಯ ಮೇಲೆ ಪರಿಹಾರದ ಹಂತಗಳನ್ನು ಬರೆದೆ. ಮಕ್ಕಳು ಕುತೂಹಲದಿಂದ ಕೇಳಿದರು. ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ ಕೊಟ್ಟೆ: “ಕಂಪ್ಯೂಟರಿನಲ್ಲಿ ದೀಪವಿಲ್ಲ, ಫ್ಯಾನೂ ತಿರುಗುತ್ತಿಲ್ಲ. ಮೊದಲು ಏನು ನೋಡುತ್ತೀರಿ?” ಹೆಚ್ಚಿನವರು “ಪೆನ್‌ಡ್ರೈವ್ ಹಾಕಿ ಬಟನ್ ಒತ್ತುತ್ತೇವೆ” ಎಂದು ಬರೆದರು. ಪ್ಲಗ್ ನೋಡುತ್ತೇವೆಂದು ಒಬ್ಬರೂ ಬರೆಯಲಿಲ್ಲ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ, “ನೀವು ಕಂಡ ದಾರಿಯನ್ನು ಹೇಳಿದ್ದೀರಿ. ಅದು ಕಂಡದ್ದು ಹೇಗೆಂದು ಹೇಳಲಿಲ್ಲ” ಎಂದು ಬರೆದರು. ಗಾಬರಿಯಲ್ಲಿ ನಾನು ಮಾಡಿದ ತಪ್ಪನ್ನೇ ಮಕ್ಕಳಿಗೂ ಕಲಿಸಿದ್ದೆ: ಲಕ್ಷಣ ನೋಡದೆ ಪರಿಹಾರಕ್ಕೆ ಹಾರುವುದು.

ಎರಡನೇ ಪಾಠ

‘ಬಿ’ ವಿಭಾಗದಲ್ಲಿ ಕರಿಹಲಗೆಯ ಮೇಲೆ ಮೂರು ಚೌಕ ಬರೆದೆ: ಬಯಾಸ್ ಚಿಪ್, ಕಾಯಿನ್ ಸೆಲ್, ಹಾರ್ಡ್‌ ಡಿಸ್ಕ್. ಪ್ರತಿಯೊಂದರ ಕೆಲಸವನ್ನು ಚರ್ಚಿಸಿದೆವು. ಅನಂತರ ಲಕ್ಷಣಗಳನ್ನಷ್ಟೇ ಕೊಟ್ಟು, ನಾಲ್ಕು ಜನರ ಗುಂಪು ಮಾಡಿದೆ. ನಿಯಮ ಎರಡು: ಯಾವ ಲಕ್ಷಣದಿಂದ ಹಾಗೆ ಅನ್ನಿಸಿತೆಂದು ಹೇಳಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ಒಬ್ಬ ಹುಡುಗ, “ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗುತ್ತೆ ಸರ್” ಎಂದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಗುಂಪಿನ ಹುಡುಗಿ, “ಕಂಪ್ಯೂಟರು ಡಿಸ್ಕಿನ ತನಕ ಹೋಗೇ ಇಲ್ವಲ್ಲ, ಹೇಗೆ ಫಾರ್ಮ್ಯಾಟ್ ಮಾಡ್ತೀಯ?” ಎಂದಳು. ಇನ್ನೊಬ್ಬಳು, “ಹಾಗಾದ್ರೆ ನಿಮ್ಮ ತಂಗಿ ಪ್ರಾಜೆಕ್ಟ್ ಹೋಗಿಲ್ಲ ಅಲ್ವಾ ಸರ್?” ಎಂದು ಕೇಳಿದಳು. ಪಾಠದ ಮುಖ್ಯ ಅಂಶವನ್ನು ಮಕ್ಕಳೇ ಹೇಳಿಬಿಟ್ಟರು. ಅದೇ ಮೌಲ್ಯಮಾಪನ ಪ್ರಶ್ನೆಗೆ ಈ ಸಲ ಹೆಚ್ಚಿನವರು ಪ್ಲಗ್, ಸ್ವಿಚ್ ನೋಡುತ್ತೇವೆಂದು ಬರೆದರು.

ಕೊರತೆಯೂ ಇತ್ತು. ಚರ್ಚೆಗೆ ಸಮಯ ಹೋಗಿ, ಬಯಾಸ್ ಮತ್ತೆ ಬರೆಯುವ ವಿಧಾನವನ್ನು ಹೇಳಲಾಗಲಿಲ್ಲ. ಹಿಂದಿನ ಬೆಂಚಿನ ಒಂದು ಗುಂಪು ಪಕ್ಕದವರ ಉತ್ತರವನ್ನೇ ನಕಲು ಮಾಡಿತು. ಮುಂದಿನ ಸಲ ಗುಂಪಿಗೊಂದು ಬೇರೆ ಲಕ್ಷಣ ಕೊಡುತ್ತೇನೆ.

ಪಾಠ ಮಾಡುವವರಿಗೆ ಕೆಲವು ಸೂಚನೆಗಳು

1. ಅಪ್‌ಡೇಟ್ ಫೈಲು ಬೋರ್ಡಿನ ಮಾದರಿಗೆ ಮಾತ್ರವಲ್ಲ, ಅದರ ಮೇಲೆ ಮುದ್ರಿಸಿದ ಆವೃತ್ತಿಗೂ ಹೊಂದಬೇಕು.

2. ಕೆಲಸ ಮಾಡುವ ಯುಪಿಎಸ್ ಇಲ್ಲದೆ ಅಪ್‌ಡೇಟ್ ಶುರು ಮಾಡಬಾರದು. ಮಧ್ಯದಲ್ಲಿ ನಿಂತಂತೆ ಕಂಡರೂ ಅವಸರದಿಂದ ಆಫ್ ಮಾಡಬಾರದು.

3. ಡಿಸ್ಕಿಗೆ ಬಿಟ್‌ಲಾಕರ್ ಹಾಕಿದ್ದರೆ ಅಪ್‌ಡೇಟ್ ನಂತರ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

4. ಎಲ್ಲ ಬೋರ್ಡಿನಲ್ಲೂ ಈ ಬಟನ್ ಇರುವುದಿಲ್ಲ. ಕೆಲವದರಲ್ಲಿ ಎರಡನೇ ಬಯಾಸ್ ಚಿಪ್ ಇರುತ್ತದೆ. ಎರಡೂ ಇಲ್ಲದಿದ್ದರೆ ಪ್ರೋಗ್ರಾಮರ್ ಎಂಬ ಉಪಕರಣದಿಂದ ಚಿಪ್ಪಿಗೆ ನೇರವಾಗಿ ಬರೆಯಬೇಕಾಗಬಹುದು. ಚಿಪ್ಪುಗಳಲ್ಲಿ 3.3 ವೋಲ್ಟಿನವೂ 1.8 ವೋಲ್ಟಿನವೂ ಇರುವುದರಿಂದ ಅದನ್ನು ಬಲ್ಲವರಿಗೇ ಬಿಡಬೇಕು.

ತಂಗಿ ಪ್ರಾಜೆಕ್ಟನ್ನು ಸಮಯಕ್ಕೆ ಒಪ್ಪಿಸಿದಳು. ಲಕ್ಷಣಗಳನ್ನು ಬರೆದ ಆ ಹಾಳೆಯನ್ನು ನನ್ನ ಪಾಠ ಯೋಜನೆಯ ಪುಸ್ತಕಕ್ಕೆ ಅಂಟಿಸಿದ್ದೇನೆ.