ಶ್ರೀಗಂಧದ ಎಣ್ಣೆ: ಬದುವಿನ ಗಿಡದ ಬೆಲೆ ಅರಿಯಿರಿ



ನಂಜನಗೂಡು, ತಿರುಮಕೂಡಲು ನರಸೀಪುರದ ಖುಷ್ಕಿ ಜಮೀನುಗಳ ಬದುವಿನಲ್ಲಿ ಹಕ್ಕಿ ಬಿತ್ತಿದ ಗಂಧದ ಸಸಿ ಕಂಡರೆ ಹಿಂದೆ ಎಷ್ಟೋ ರೈತರು ಕಿತ್ತೆಸೆಯುತ್ತಿದ್ದರು. ಮರ ಸರ್ಕಾರದ್ದು, ತಾಪತ್ರಯ ಮಾತ್ರ ತಮ್ಮದು ಎಂಬ ಅಂಜಿಕೆ. 2001ರಲ್ಲಿ ಕಾನೂನು ತಿದ್ದುಪಡಿಯಾಗಿ ಜಮೀನಿನ ಮಾಲೀಕನೇ ಮರದ ಒಡೆಯನಾದನು. ಆದುದರಿಂದ ಸಸಿಯನ್ನು ಕೀಳಬೇಡಿ.

ಎಣ್ಣೆ ಇರುವುದು ತೊಗಟೆಯಲ್ಲಲ್ಲ, ಹೊರಗಿನ ಬಿಳಿ ಮರದಲ್ಲೂ ಅಲ್ಲ. ಕಾಂಡ ಮತ್ತು ಬೇರಿನ ಚೇಗಿನಲ್ಲಿ. ಚೇಗನ್ನು ಪುಡಿಮಾಡಿ, ಹಬೆ ಹಾಯಿಸಿ ಎಣ್ಣೆ ಇಳಿಸುತ್ತಾರೆ. 1914ರ ಮಹಾಯುದ್ಧದಿಂದ ಗಂಧದ ಹೊರದೇಶದ ವ್ಯಾಪಾರ ಕೆಟ್ಟಾಗ, ಮೈಸೂರು ಸಂಸ್ಥಾನವೇ 1916ರಲ್ಲಿ ಬೆಂಗಳೂರಿನಲ್ಲಿ, ಬಳಿಕ ಮೈಸೂರಿನಲ್ಲಿ ಎಣ್ಣೆ ತೆಗೆಯತೊಡಗಿತು.

ಸಾಬೂನು, ಅತ್ತರುಗಳಿಗೆ ಈ ಎಣ್ಣೆ ಬೇಕು. ಮನಸ್ಸಿನ ನೆಮ್ಮದಿಗೆಂದು ಪರಿಮಳ ಚಿಕಿತ್ಸೆಯಲ್ಲೂ ಬಳಸುವರು. ಒಂದು ಚಮಚ ಕೊಬ್ಬರಿ ಎಣ್ಣೆಗೆ ಒಂದೆರಡು ಹನಿ ಬೆರೆಸಿ ಹಚ್ಚಬೇಕು, ಕುಡಿಯಬಾರದು. ಕಾಯಿಲೆಗೆ ವೈದ್ಯರೇ ಗತಿ, ಪರಿಮಳವಲ್ಲ.

ನೆನಪಿಡಿ: ಗಂಧದ ಬೇರು ನೆರೆಗಿಡದ ಬೇರಿನಿಂದ ನೀರು, ಸಾರ ಹೀರುತ್ತದೆ. ಜೊತೆಯಲ್ಲಿ ತೊಗರಿ, ಹೊಂಗೆ ಇರಲಿ. ಒಳ್ಳೆಯ ಚೇಗು ಕೂಡಲು 15 ವರ್ಷವಾದರೂ ಬೇಕು. ಕಳ್ಳರ ಕಣ್ಣು ಅದಕ್ಕೂ ಮೊದಲೇ ಬೀಳುತ್ತದೆ. ಕಡಿಯುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.